ಪಾದದ ಕಮಾನು: ನಿಂತಾಗ ಅಳೆದದ್ದು, ನಡೆದಾಗ ತಿಳಿದದ್ದು

ಬಚ್ಚಲಿನಿಂದ ಒದ್ದೆ ಕಾಲಲ್ಲಿ ಹೊರಬಂದಾಗ ಒಣ ನೆಲದ ಮೇಲೆ ಮೂಡುವ ನಿಮ್ಮ ಹೆಜ್ಜೆಯನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಹೆಚ್ಚಿನವರ ಹೆಜ್ಜೆಯಲ್ಲಿ ಹಿಮ್ಮಡಿಯ ದುಂಡು ಗುರುತು, ಬೆರಳುಗಳ ಬುಡದ ಅಗಲವಾದ ಗುರುತು ಮತ್ತು ಇವೆರಡನ್ನೂ ಹೊರ ಅಂಚಿನಲ್ಲಿ ಕೂಡಿಸುವ ಒಂದು ಪಟ್ಟಿ ಇರುತ್ತದೆ. ಒಳ ಅಂಚಿನಲ್ಲಿ ನೆಲ ಒಣಗಿಯೇ ಉಳಿದಿರುತ್ತದೆ. ಅಲ್ಲಿ ಪಾದ ನೆಲವನ್ನು ಮುಟ್ಟುವುದಿಲ್ಲ. ಅದೇ ಪಾದದ ಕಮಾನು. ಕೆಲವರಲ್ಲಿ ಅಂಗಾಲು ಇಡಿಯಾಗಿ ಒತ್ತಿರುತ್ತದೆ. ಅದನ್ನು ಚಪ್ಪಟೆ ಪಾದ ಎನ್ನುತ್ತಾರೆ. ಇನ್ನು ಕೆಲವರಲ್ಲಿ ನಡುವಿನ ಪಟ್ಟಿಯೇ ಮಾಯವಾಗಿ ಹಿಮ್ಮಡಿ ಮತ್ತು ಮುಂಭಾಗ ಎರಡು ದ್ವೀಪಗಳಂತೆ ಕಾಣುತ್ತವೆ. ಅದು ಎತ್ತರ ಕಮಾನಿನ ಪಾದ.

ಈ ಮೂರು ಗುರುತುಗಳನ್ನು ನೋಡಿ ಮನುಷ್ಯನ ನಡಿಗೆಯ ಬಗ್ಗೆ ತೀರ್ಪು ಕೊಡಬಹುದೇ? ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರು, ಸೈನ್ಯದ ಅಧಿಕಾರಿಗಳು, ತಂದೆತಾಯಿಯರು ಕೊಡಬಹುದು ಎಂದೇ ನಂಬಿದ್ದರು. ಚಪ್ಪಟೆ ಪಾದವೆಂಬ ಕಾರಣಕ್ಕೆ ಯುವಕರು ಸೈನ್ಯದ ಬಾಗಿಲಿನಿಂದ ಹಿಂದಿರುಗಿದರು. ಮಕ್ಕಳು ವರ್ಷಗಟ್ಟಲೆ ಬಿಗಿಯಾದ 'ತಿದ್ದುಪಡಿ' ಶೂಗಳನ್ನು ತೊಟ್ಟರು. ಆ ನಂಬಿಕೆ ಹೇಗೆ ಸಡಿಲವಾಯಿತು ಎಂಬುದೇ ಈ ಲೇಖನದ ವಿಷಯ. ಇದರಲ್ಲಿ ನಮ್ಮ ಕರಾವಳಿಯ ಮಣಿಪಾಲಕ್ಕೂ ಒಂದು ಮುಖ್ಯ ಸ್ಥಾನವಿದೆ.

ಒಂದು ಹೆಜ್ಜೆ, ಎರಡು ಕೆಲಸ

ಮೊದಲು ಪಾದದ ರಚನೆಯನ್ನು ನೆನಪಿಸಿಕೊಳ್ಳೋಣ. ಒಂದು ಪಾದದಲ್ಲಿ 26 ಮೂಳೆಗಳಿವೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಉದ್ದಕ್ಕೆ ಒಂದು ಕಮಾನು ಒಳ ಅಂಚಿನಲ್ಲಿ ಎತ್ತರವಾಗಿಯೂ ಹೊರ ಅಂಚಿನಲ್ಲಿ ತಗ್ಗಾಗಿಯೂ ಇದೆ. ಪಾದದ ಅಗಲಕ್ಕೂ ಒಂದು ಅಡ್ಡ ಕಮಾನು ಇದೆ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿರುವುದು ಅಸ್ಥಿರಜ್ಜುಗಳು. ಇವೆಲ್ಲದರ ಕೆಳಗೆ, ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ, ಪ್ಲಾಂಟಾರ್ ಅಪೊನ್ಯೂರೋಸಿಸ್ ಎಂಬ ಗಟ್ಟಿಯಾದ ನಾರಿನ ಪಟ್ಟಿ ಹಾಸಿದೆ. ನಾವು ಇಲ್ಲಿ ಅದನ್ನು ಅಂಗಾಲಿನ ಪಟ್ಟಿ ಎಂದು ಕರೆಯೋಣ.

ನಡೆಯುವಾಗ ಒಂದು ಕಾಲಿನ ಆವರ್ತದ ಸುಮಾರು ಶೇಕಡ 60 ಭಾಗ ಪಾದ ನೆಲದ ಮೇಲಿರುತ್ತದೆ. ಉಳಿದ ಶೇಕಡ 40 ಭಾಗ ಗಾಳಿಯಲ್ಲಿರುತ್ತದೆ. ನೆಲದ ಮೇಲಿರುವ ಆ ಅಲ್ಪ ಕಾಲದಲ್ಲಿ ಪಾದ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ಮಾಡಬೇಕು. ಹಿಮ್ಮಡಿ ನೆಲಕ್ಕೆ ತಾಗಿದ ಮೇಲೆ ಅದು ಸಡಿಲವಾಗಿ, ನೆಲದ ಏರುತಗ್ಗಿಗೆ ಹೊಂದಿಕೊಂಡು, ಆಘಾತವನ್ನು ಹೀರಿಕೊಳ್ಳಬೇಕು. ಕೆಲವೇ ಕ್ಷಣಗಳ ನಂತರ ಅದೇ ಪಾದ ಗಡುಸಾದ ಸನ್ನೆಗೋಲಿನಂತೆ ದೇಹವನ್ನು ಮುಂದಕ್ಕೆ ತಳ್ಳಬೇಕು. ಸಡಿಲವಾಗಿಯೇ ಉಳಿದರೆ ತಳ್ಳುವ ಬಲ ವ್ಯರ್ಥವಾಗುತ್ತದೆ. ಗಡುಸಾಗಿಯೇ ಇದ್ದರೆ ಆಘಾತ ನೇರವಾಗಿ ಮೇಲಿನ ಮೂಳೆಗಳಿಗೆ ಹೋಗುತ್ತದೆ. ಒಂದೇ ಅಂಗ ಈ ಎರಡನ್ನೂ ಹೇಗೆ ಸಾಧಿಸುತ್ತದೆ? ನಿಂತ ಪಾದವನ್ನು ಎಷ್ಟು ಅಳೆದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆಕಾರವನ್ನು ಅಳೆದ ಕಾಲ

ಪಾದವನ್ನು ಕಲ್ಲಿನ ಕಮಾನಿಗೆ ಹೋಲಿಸುವುದು ಹಳೆಯ ರೂಢಿ. ಹಳೆಯ ರೈಲು ಸೇತುವೆಗಳ ಕಮಾನನ್ನು ನೀವು ನೋಡಿರುತ್ತೀರಿ. ಅದು ಎತ್ತರವಾಗಿ, ಕದಲದೆ ನಿಂತಿದ್ದರೆ ಒಳ್ಳೆಯದು, ಕುಸಿದರೆ ಕೆಟ್ಟದ್ದು. ಇದೇ ತರ್ಕವನ್ನು ಪಾದಕ್ಕೂ ಅನ್ವಯಿಸಲಾಯಿತು. ಆದರೆ ಈ ಹೋಲಿಕೆಯಲ್ಲಿ ಒಂದು ಕೊರತೆ ಇದೆ. ಕಲ್ಲಿನ ಕಮಾನಿನ ಎರಡು ತುದಿಗಳನ್ನೂ ಅಕ್ಕಪಕ್ಕದ ಗಟ್ಟಿ ಕಟ್ಟಡ ಒತ್ತಿ ಹಿಡಿದಿರುತ್ತದೆ. ಪಾದದ ತುದಿಗಳಿಗೆ ಅಂಥ ಆಸರೆ ಇಲ್ಲ. ಅದು ಬಿಲ್ಲಿನಂತೆ. ತುದಿಗಳು ದೂರ ಸರಿಯದಂತೆ ತಡೆಯಲು ಕೆಳಗೆ ಹೆದೆ ಬೇಕು.

ಎತ್ತರವೇ ಆರೋಗ್ಯದ ಅಳತೆ ಎಂಬ ನಂಬಿಕೆಯನ್ನು ಮೊದಲೇ ಪ್ರಶ್ನಿಸಿದವರಲ್ಲಿ ಅಮೆರಿಕದ ವೈದ್ಯ ಫಿಲ್ ಹಾಫ್‌ಮನ್ ಒಬ್ಬರು. 1904ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ವಿಶ್ವ ಮೇಳಕ್ಕೆ ಫಿಲಿಪ್ಪೀನ್ಸ್ ಮತ್ತು ಮಧ್ಯ ಆಫ್ರಿಕದ ಜನರನ್ನು ಕರೆತಂದಿದ್ದರು. ಮನುಷ್ಯರನ್ನೇ ಪ್ರದರ್ಶನಕ್ಕಿಡುತ್ತಿದ್ದ ಕಾಲವದು. ಹಾಫ್‌ಮನ್ ಅಲ್ಲಿ ಬರಿಗಾಲಲ್ಲೇ ಬೆಳೆದವರ 186 ಜೊತೆ ಪಾದಗಳನ್ನು ಪರೀಕ್ಷಿಸಿ 1905ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಪಾದಗಳಲ್ಲಿ ಕಮಾನಿನ ಎತ್ತರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇತ್ತು. ಆದರೆ ಶೂ ತೊಡುವವರಲ್ಲಿ ಸಾಮಾನ್ಯವಾಗಿದ್ದ ಪಾದದ ದೌರ್ಬಲ್ಯದ ಲಕ್ಷಣ ಅವರಲ್ಲಿ ಕಂಡುಬರಲಿಲ್ಲ. ಕಮಾನಿನ ಎತ್ತರ ಪಾದದ ಬಲವನ್ನು ಸೂಚಿಸುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಆ ಮಾತಿಗೆ ಹೆಚ್ಚು ಮನ್ನಣೆ ಸಿಗಲಿಲ್ಲ.

ಕಮಾನನ್ನು ಎತ್ತಿ ಹಿಡಿಯುವುದು ಸ್ನಾಯುಗಳೋ, ಅಸ್ಥಿರಜ್ಜುಗಳೋ ಎಂಬ ವಾದ ಇನ್ನೊಂದು ಕಡೆ ನಡೆದಿತ್ತು. 1929ರಲ್ಲಿ ಅಂಗರಚನಾಶಾಸ್ತ್ರಜ್ಞ ಸರ್ ಆರ್ಥರ್ ಕೀತ್ ಸ್ನಾಯುಗಳ ಪರ ನಿಂತರು. ಸ್ನಾಯು ಸೋತರೆ ಕಮಾನು ಕುಸಿಯುತ್ತದೆ ಎಂಬುದು ಅವರ ನಿಲುವು. ಈ ವಾದವನ್ನು ಪ್ರಯೋಗಕ್ಕೆ ಒಡ್ಡಿದ್ದು 1963ರಲ್ಲಿ. ಕೆನಡಾದ ಬಾಸ್ಮಾಜಿಯನ್ ಮತ್ತು ಸ್ಟೆಕೊ ಅವರು ಕಾಲಿನ ಸ್ನಾಯುಗಳಿಗೆ ಸೂಕ್ಷ್ಮ ವಿದ್ಯುದ್ವಾರಗಳನ್ನು ಚುಚ್ಚಿ, ಕುಳಿತವರ ಕಾಲಿನ ಮೇಲೆ ಭಾರ ಹೇರಿ, ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರು. ಸುಮಾರು 90 ಕಿಲೋಗ್ರಾಂ ಭಾರದವರೆಗೂ ಸ್ನಾಯುಗಳು ಬಹುಮಟ್ಟಿಗೆ ಸುಮ್ಮನಿದ್ದವು. ಸುಮಾರು 180 ಕಿಲೋಗ್ರಾಂ ಹೇರಿದಾಗ ಮಾತ್ರ ಅವು ನೆರವಿಗೆ ಬಂದವು. ಅಂದರೆ ಸುಮ್ಮನೆ ನಿಂತಾಗ ಕಮಾನನ್ನು ಕಾಯುವುದು ಮೂಳೆಗಳ ಜೋಡಣೆ ಮತ್ತು ಅಸ್ಥಿರಜ್ಜುಗಳು.

ಕೆನಡಾ ಸೈನಿಕರ ಹೆಜ್ಜೆಗಳು

ಚಪ್ಪಟೆ ಪಾದದ ಪ್ರಶ್ನೆ ಸೈನ್ಯಗಳಿಗೆ ದುಬಾರಿಯಾಗಿತ್ತು. ಹಾಗಾಗಿ ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ ಕೆನಡಾ ತನ್ನ ಸೈನಿಕರ ಪಾದಗಳ ದೊಡ್ಡ ಸಮೀಕ್ಷೆಯನ್ನೇ ನಡೆಸಿತು. ಆರ್.ಐ. ಹ್ಯಾರಿಸ್ ಮತ್ತು ಥಾಮಸ್ ಬೀತ್ ಎಂಬ ವೈದ್ಯರು 3,619 ಸೈನಿಕರನ್ನು ಪರೀಕ್ಷಿಸಿದರು. ವರದಿ 1947ರಲ್ಲಿ ಹೊರಬಂತು. ಇದಕ್ಕಾಗಿ ಅವರು ಬೇರೆಬೇರೆ ಎತ್ತರದ ಏಣುಗಳಿರುವ ರಬ್ಬರಿನ ಚಾಪೆಯನ್ನು ಬಳಸಿದರು. ಶಾಯಿ ಹಚ್ಚಿದ ಅದರ ಮೇಲೆ ಕಾಗದವಿಟ್ಟು ತುಳಿದಾಗ ಒತ್ತಡ ಹೆಚ್ಚಿರುವಲ್ಲಿ ಗುರುತು ದಟ್ಟವಾಗಿ, ಕಡಿಮೆ ಇರುವಲ್ಲಿ ತೆಳುವಾಗಿ ಮೂಡುತ್ತಿತ್ತು. ಒದ್ದೆ ಹೆಜ್ಜೆ ಆಕಾರವನ್ನಷ್ಟೇ ತೋರಿಸಿದರೆ ಈ ಚಾಪೆ ಒತ್ತಡವನ್ನೂ ತೋರಿಸಿತು.

ಅವರು ಕಂಡುಕೊಂಡದ್ದೇನು? ಚಪ್ಪಟೆ ಪಾದ ಎಂಬುದು ಒಂದೇ ಸ್ಥಿತಿಯಲ್ಲ. ತಗ್ಗು ಕಮಾನಿದ್ದರೂ ಕೀಲುಗಳು ಸಲೀಸಾಗಿ ಆಡುವ, ಸ್ನಾಯುಗಳು ಬಲವಾಗಿರುವ ಪಾದ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಗಿಡ್ಡವಾಗಿರುವ ಚಪ್ಪಟೆ ಪಾದದಲ್ಲಿ ಮತ್ತು ಮೂಳೆಗಳು ಬೆಸೆದುಕೊಂಡು ಬಿರುಸಾದ ಪಾದದಲ್ಲಿ. ಆಕಾರದಿಂದ ಕಾರ್ಯದ ಕಡೆಗೆ ಗಮನ ತಿರುಗಿದ ಮುಖ್ಯ ಹಂತ ಇದು.

ಹಿಕ್ಸ್ ಕಂಡ ರಾಟೆ

ಹಾಗಾದರೆ ಸಡಿಲವಾದ ಪಾದ ಗಡುಸಾಗುವುದು ಹೇಗೆ? ಉತ್ತರ ಕೊಟ್ಟವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜೆ.ಎಚ್. ಹಿಕ್ಸ್. ಅವರ ಪ್ರಬಂಧ 1954ರಲ್ಲಿ ಪ್ರಕಟವಾಯಿತು. ಅದನ್ನು ಅರಿಯಲು ಓದುವ ಮೊದಲು ಒಂದು ಪ್ರಯೋಗ ಮಾಡಿ.

ಬರಿಗಾಲಲ್ಲಿ ನೆಟ್ಟಗೆ ನಿಲ್ಲಿ. ನಿಮ್ಮ ಗೆಳೆಯ ನಿಮ್ಮ ಹೆಬ್ಬೆರಳನ್ನು ಕೈಯಿಂದ ನಿಧಾನವಾಗಿ ಮೇಲಕ್ಕೆ ಬಾಗಿಸಲಿ. ಪಾದದ ಒಳ ಅಂಚನ್ನು ಗಮನಿಸಿ. ನೀವು ಯಾವ ಸ್ನಾಯುವನ್ನೂ ಬಿಗಿ ಮಾಡದಿದ್ದರೂ ಕಮಾನು ಮೇಲೇಳುತ್ತದೆ!

ಕಾರಣ ಸರಳ. ಅಂಗಾಲಿನ ಪಟ್ಟಿ ಬೆರಳಿನ ಬುಡದ ಕೀಲನ್ನು ಕೆಳಗಿನಿಂದ ಬಳಸಿ ಬೆರಳಿಗೆ ಅಂಟಿಕೊಂಡಿದೆ. ಬೆರಳು ಮೇಲಕ್ಕೆ ಬಾಗಿದಾಗ ಪಟ್ಟಿ ಮೂಳೆಯ ದುಂಡು ತಲೆಗೆ ಸುತ್ತಿಕೊಳ್ಳುತ್ತದೆ. ಹಗ್ಗ ಉರುಳೆಗೆ ಸುತ್ತಿಕೊಂಡಷ್ಟೂ ಕೊಡ ಮೇಲೆ ಬರುವ ಬಾವಿಯ ರಾಟೆಯನ್ನು ನೆನೆಯಿರಿ. ಇಲ್ಲಿ ಪಟ್ಟಿ ಸುತ್ತಿಕೊಂಡಷ್ಟೂ ಹಿಮ್ಮಡಿ ಮತ್ತು ಬೆರಳ ಬುಡದ ನಡುವಿನ ಅಂತರ ಕುಗ್ಗಿ ಕಮಾನು ಏರುತ್ತದೆ, ಮೂಳೆಗಳು ಒಂದಕ್ಕೊಂದು ಒತ್ತಿಕೊಂಡು ಪಾದ ಗಡುಸಾಗುತ್ತದೆ. ನಡೆಯುವಾಗ ಬೆರಳನ್ನು ಬಾಗಿಸಲು ಗೆಳೆಯ ಬೇಕಿಲ್ಲ. ಹಿಮ್ಮಡಿ ಮೇಲೆದ್ದಾಗ ಬೆರಳುಗಳು ತಾವಾಗಿಯೇ ಬಾಗುತ್ತವೆ. ಸರಿಯಾಗಿ ತಳ್ಳುವ ಹೊತ್ತಿಗೇ ಪಾದ ಸನ್ನೆಗೋಲಾಗುತ್ತದೆ.

ಚಪ್ಪಟೆ ಪಾದದವರು ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ವೈದ್ಯರು ನೆಮ್ಮದಿಯಿಂದಿರುವುದು ಇದಕ್ಕೇ. ರಾಟೆ ಕೆಲಸ ಮಾಡುತ್ತಿದೆ ಎಂದು ಅರ್ಥ.

ಕಮಾನಿನೊಳಗಿನ ಸ್ಪ್ರಿಂಗ್

ಪಾದ ಗಡುಸಾಗುವ ಬಗೆ ತಿಳಿಯಿತು. ಅದು ಬಾಗಿದಾಗ ಹೀರಿಕೊಂಡ ಶಕ್ತಿ ಏನಾಗುತ್ತದೆ? ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆರ್.ಎಫ್. ಕೆರ್, ಆರ್. ಮೆಕ್‌ನೀಲ್ ಅಲೆಗ್ಸಾಂಡರ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಪಾದಗಳನ್ನು ಯಂತ್ರದಲ್ಲಿಟ್ಟು, ಓಡುವಾಗ ಬೀಳುವಷ್ಟು ಬಲದಿಂದ ಒತ್ತಿ ಬಿಟ್ಟು ನೋಡಿದರು. 1987ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒತ್ತಲು ಬಳಸಿದ ಶಕ್ತಿಯಲ್ಲಿ ಶೇಕಡ 78 ಭಾಗ ಮರಳಿ ಬಂತು. 70 ಕಿಲೋಗ್ರಾಂ ತೂಕದ ವ್ಯಕ್ತಿ ಸೆಕೆಂಡಿಗೆ 4.5 ಮೀಟರ್ ವೇಗದಲ್ಲಿ ಓಡುವಾಗ ಪ್ರತಿ ಹೆಜ್ಜೆಯಲ್ಲಿ ಸುಮಾರು 100 ಜೌಲ್ ಶಕ್ತಿ ಹೋಗಿ ಬರುತ್ತದೆ. ಅದರಲ್ಲಿ ಸುಮಾರು 35 ಜೌಲ್‌ಗಳನ್ನು ಅಕಿಲೀಸ್ ಸ್ನಾಯುರಜ್ಜು, 17 ಜೌಲ್‌ಗಳನ್ನು ಪಾದದ ಕಮಾನು ಸ್ಪ್ರಿಂಗಿನಂತೆ ಹಿಡಿದಿಟ್ಟು ಹಿಂದಿರುಗಿಸುತ್ತವೆ ಎಂದು ಅವರು ಲೆಕ್ಕ ಹಾಕಿದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಲೆಕ್ಕ ಓಟದ್ದು. ನಡಿಗೆಯಲ್ಲಿ ಪಾದದ ಮೇಲೆ ಬೀಳುವ ಬಲ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಓಟದಲ್ಲಿ ಅದು ತೂಕದ ಎರಡು ಮೂರು ಪಟ್ಟು. ಆಸ್ಟ್ರೇಲಿಯಾದ ಸಂಶೋಧಕರು ಕಮಾನು ಕುಗ್ಗದಂತೆ ಶೂವಿನೊಳಗೆ ಆಸರೆ ಇಟ್ಟು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಸಮತಟ್ಟಾದ ನೆಲದ ಓಟದಲ್ಲಿ ಶಕ್ತಿಯ ವೆಚ್ಚ ಸುಮಾರು ಶೇಕಡ 6ರಷ್ಟು ಹೆಚ್ಚಿತು. ನಡಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ 'ಕಮಾನಿಲ್ಲದಿದ್ದರೆ ನಡೆಯಲು ಹೆಚ್ಚು ಶ್ರಮ' ಎಂದು ತರಗತಿಯಲ್ಲಿ ಹೇಳುವ ಮುನ್ನ ಯೋಚಿಸಬೇಕು.

ಸ್ನಾಯುಗಳ ವಾದವೂ ಮತ್ತೆ ಬಂತು. 2019ರಲ್ಲಿ ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನ ಅಂಗಾಲಿನ ಸಣ್ಣ ಸ್ನಾಯುಗಳ ನರವನ್ನು ತಾತ್ಕಾಲಿಕವಾಗಿ ಮರಗಟ್ಟಿಸಿ ನಡಿಗೆಯನ್ನು ಗಮನಿಸಿತು. ಕಮಾನು ಕುಗ್ಗುವ ಪ್ರಮಾಣ ಹೆಚ್ಚು ಬದಲಾಗಲಿಲ್ಲ. ಆದರೆ ಕೊನೆಯಲ್ಲಿ ತಳ್ಳುವ ಬಲ ಕುಂದಿತು. ನಿಂತಾಗ ಸುಮ್ಮನಿರುವ ಸ್ನಾಯುಗಳು ಚಲನೆಯಲ್ಲಿ ಎಚ್ಚರಗೊಳ್ಳುತ್ತವೆ.

ಮರೆತಿದ್ದ ಅಡ್ಡ ಕಮಾನು

ಇಷ್ಟೆಲ್ಲ ಸಂಶೋಧನೆಯೂ ಉದ್ದದ ಕಮಾನಿನ ಸುತ್ತಲೇ ನಡೆದಿತ್ತು. ಈಗ ಒಂದು ಕಾಗದದ ಹಾಳೆಯ ಒಂದು ತುದಿಯನ್ನು ಹಿಡಿದು ಅಡ್ಡಲಾಗಿ ಚಾಚಿ. ಇನ್ನೊಂದು ತುದಿ ಜೋತು ಬೀಳುತ್ತದೆ. ಹಿಡಿದ ಕಡೆ ಹಾಳೆಯನ್ನು ಅಗಲಕ್ಕೆ ಸ್ವಲ್ಪ ಡೊಂಕು ಮಾಡಿ. ಹಾಳೆ ನೆಟ್ಟಗೆ ನಿಲ್ಲುತ್ತದೆ. ಅಗಲದಲ್ಲಿ ಕೊಟ್ಟ ಬಾಗು ಉದ್ದಕ್ಕೆ ಗಡುಸುತನವನ್ನು ತಂದಿತು.

ಪಾದದಲ್ಲೂ ಹೀಗೇ ಆಗುತ್ತದೆ ಎಂದು 2020ರಲ್ಲಿ ತೋರಿಸಿದ ತಂಡದ ನೇತೃತ್ವ ವಹಿಸಿದ್ದವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಧುಸೂದನ್ ವೆಂಕಟೇಶನ್ ಒಬ್ಬರು. ಅವರು ಈ ಮೊದಲು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದವರು. ದಾನವಾಗಿ ಬಂದ ದೇಹಗಳ ಪಾದಗಳಲ್ಲಿ ಅಡ್ಡ ಕಮಾನನ್ನು ಬಿಗಿದಿರುವ ಅಂಗಾಂಶಗಳನ್ನು ಕತ್ತರಿಸಿದಾಗ ಪಾದದ ಗಡುಸುತನ ಶೇಕಡ 40ಕ್ಕೂ ಹೆಚ್ಚು ತಗ್ಗಿತು. ನೆಲದ ಮೇಲಿನ ಒದ್ದೆ ಹೆಜ್ಜೆಯಲ್ಲಿ ಈ ಬಾಗು ಕಾಣಿಸುವುದೇ ಇಲ್ಲ. ಉದ್ದದ ಕಮಾನು ತಗ್ಗಾಗಿದ್ದರೂ ಕೆಲವರ ಪಾದ ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮಣಿಪಾಲದ 2,300 ಮಕ್ಕಳು

ಗೋಕುಲಾಷ್ಟಮಿಯ ದಿನ ಮುಷ್ಟಿಯನ್ನು ಹಿಟ್ಟಿನ ನೀರಿನಲ್ಲಿ ಅದ್ದಿ ಬಾಲಕೃಷ್ಣನ ಹೆಜ್ಜೆಗಳನ್ನು ಮೂಡಿಸುವುದನ್ನು ನೀವು ಬಲ್ಲಿರಿ. ಆ ಹೆಜ್ಜೆಯಲ್ಲಿ ಚೆಂದದ ಕಮಾನು ಇರುತ್ತದೆ. ನಿಜವಾದ ಕೂಸಿನ ಪಾದದಲ್ಲಿ ಅದು ಇರುವುದಿಲ್ಲ! ಅಮೆರಿಕದ ಸ್ಟಾಹೇಲಿ ಮತ್ತು ಸಂಗಡಿಗರು 1987ರಲ್ಲಿ 882 ಪಾದಗಳನ್ನು ಅಳೆದು, ಕೂಸುಗಳ ಪಾದ ಸಾಮಾನ್ಯವಾಗಿ ಚಪ್ಪಟೆಯಾಗಿಯೇ ಇರುತ್ತದೆ, ಕಮಾನು ಬಾಲ್ಯದ ಮೊದಲ ಹತ್ತು ವರ್ಷಗಳಲ್ಲಿ ಮೂಡುತ್ತದೆ ಎಂದು ತೋರಿಸಿದರು.

ಹಾಗಾದರೆ ಆ ವರ್ಷಗಳಲ್ಲಿ ಪಾದಕ್ಕೆ ಏನು ತೊಡಿಸುತ್ತೇವೆ ಎಂಬುದು ಮುಖ್ಯವಲ್ಲವೇ? ಬರಿಗಾಲ ಮಕ್ಕಳೂ ಶೂ ತೊಡುವ ಮಕ್ಕಳೂ ಒಂದೇ ಊರಿನಲ್ಲಿ ಸಿಗುವ ಕಡೆ ಮಾತ್ರ ಇದನ್ನು ಚೆನ್ನಾಗಿ ಪರೀಕ್ಷಿಸಬಹುದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತುಗಳನ್ನು ಸಂಗ್ರಹಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇಕಡ 8.6 ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲ ಮಕ್ಕಳಲ್ಲಿ ಶೇಕಡ 2.8 ಮಾತ್ರ. ಬೆರಳು ಮುಚ್ಚುವ ಶೂ ತೊಡುವವರಲ್ಲಿ ಅದು ಅತಿ ಹೆಚ್ಚು, ಸ್ಯಾಂಡಲ್ ಅಥವಾ ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. 1995ರಲ್ಲಿ ಸಚ್ಚಿದಾನಂದಂ ಮತ್ತು ಜೋಸೆಫ್ ಬೆಳವಣಿಗೆ ಮುಗಿದ 1,846 ಮಂದಿಯನ್ನು ಪರೀಕ್ಷಿಸಿದರು. ಆರು ವರ್ಷಕ್ಕೆ ಮೊದಲೇ ಶೂ ತೊಡಲಾರಂಭಿಸಿದವರಲ್ಲಿ ಶೇಕಡ 3.24, ಹದಿನಾರರಲ್ಲಿ ಮೊದಲು ತೊಟ್ಟವರಲ್ಲಿ ಶೇಕಡ 1.75 ಮಂದಿಗೆ ಚಪ್ಪಟೆ ಪಾದವಿತ್ತು. ಸ್ಥೂಲಕಾಯದವರಲ್ಲಿ ಮತ್ತು ಅಸ್ಥಿರಜ್ಜುಗಳು ಸಡಿಲವಾಗಿರುವವರಲ್ಲಿ ಪ್ರಮಾಣ ಹೆಚ್ಚಿತ್ತು.

ಇವು ಸಂಬಂಧವನ್ನು ತೋರಿಸುವ ಸಮೀಕ್ಷೆಗಳು. ಶೂವೇ ಏಕೈಕ ಕಾರಣ ಎಂದು ಇವು ಸಾಧಿಸುವುದಿಲ್ಲ. ಬರಿಗಾಲಿಗೆ ಮುಳ್ಳು, ಗಾಜು, ಕೊಕ್ಕೆಹುಳುವಿನ ಅಪಾಯವೂ ಇದೆ. ಆದರೂ ಶೂ ಪಾದವನ್ನು 'ರೂಪಿಸುತ್ತದೆ' ಎಂಬ ಹಳೆಯ ವಿಶ್ವಾಸವನ್ನು ಮಣಿಪಾಲದ ಅಂಕಿಗಳು ತಲೆಕೆಳಗು ಮಾಡಿದವು. ಅದಕ್ಕೂ ಮೊದಲೇ, 1989ರಲ್ಲಿ, ಅಮೆರಿಕದ ಡೆನ್ನಿಸ್ ವೆಂಗರ್ ತಂಡ ಒಂದರಿಂದ ಆರು ವರ್ಷದ 129 ಮಕ್ಕಳನ್ನು ಯಾದೃಚ್ಛಿಕವಾಗಿ ಗುಂಪು ಮಾಡಿ, ಕೆಲವರಿಗೆ ತಿದ್ದುಪಡಿ ಶೂ ಅಥವಾ ಒಳ ಆಸರೆ, ಕೆಲವರಿಗೆ ಯಾವ ಚಿಕಿತ್ಸೆಯೂ ಇಲ್ಲದಂತೆ ನೋಡಿಕೊಂಡಿತ್ತು. ಕನಿಷ್ಠ ಮೂರು ವರ್ಷ ಪೂರೈಸಿದ 98 ಮಕ್ಕಳಲ್ಲಿ ಎಲ್ಲ ಗುಂಪುಗಳ ಪಾದಗಳೂ ಒಂದೇ ರೀತಿ ಸುಧಾರಿಸಿದ್ದವು.

ಆಕಾರಕ್ಕೆ ಬೆಲೆಯೇ ಇಲ್ಲವೇ?

ಇದೆ, ಆದರೆ ನಾವು ಎಣಿಸಿದ ರೀತಿಯಲ್ಲಲ್ಲ. ಇಸ್ರೇಲಿನ 295 ಸೈನಿಕರ ಅಧ್ಯಯನ 1985ರಲ್ಲಿ ತಗ್ಗು ಕಮಾನು ಮೂಳೆಯ ಬಿರುಕುಗಳಿಂದ ರಕ್ಷಣೆ ಕೊಡುತ್ತದೆ ಎಂದು ಹೇಳಿತು. 1993ರಲ್ಲಿ ತರಬೇತಿ ಪಡೆಯುತ್ತಿದ್ದ ಅಮೆರಿಕದ 246 ಸೈನಿಕರಲ್ಲಿ ಅತಿ ಚಪ್ಪಟೆ ಪಾದದವರಿಗೇ ಅತಿ ಕಡಿಮೆ ಗಾಯಗಳಾದವು, ಎತ್ತರ ಕಮಾನಿನವರಿಗೆ ಹೆಚ್ಚು. 2001ರಲ್ಲಿ ಓಟಗಾರರನ್ನು ಹೋಲಿಸಿದಾಗ ಎತ್ತರ ಕಮಾನಿನವರಿಗೆ ಮೂಳೆ ಮತ್ತು ಕಣಕಾಲಿನ ಗಾಯಗಳು, ತಗ್ಗು ಕಮಾನಿನವರಿಗೆ ಮೊಣಕಾಲು ಮತ್ತು ಮೃದು ಅಂಗಾಂಶಗಳ ಗಾಯಗಳು ಹೆಚ್ಚಾಗಿ ಕಂಡವು. ಎತ್ತರದ ಕಮಾನು ಗಡುಸು, ಆಘಾತ ಹೀರುವುದು ಕಡಿಮೆ. ತಗ್ಗಿನದು ಸಡಿಲ, ಪಾದ ಒಳಕ್ಕೆ ವಾಲುವುದು ಹೆಚ್ಚು. ಎರಡಕ್ಕೂ ಅದರದರ ಲಾಭ ನಷ್ಟಗಳಿವೆ.

ನಿಯಮಗಳೂ ಇದನ್ನು ಒಪ್ಪಿಕೊಂಡಿವೆ. ನಮ್ಮ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಅಧಿಸೂಚನೆಗಳಲ್ಲಿ ಪ್ರಕಟವಾಗಿರುವ ವೈದ್ಯಕೀಯ ಮಾನದಂಡದಲ್ಲಿ, ತುದಿಗಾಲಲ್ಲಿ ನಿಂತಾಗ ಕಮಾನು ಮರಳಿ ಕಾಣಿಸಿದರೆ, ತುದಿಗಾಲಲ್ಲಿ ಕುಪ್ಪಳಿಸಿ ಓಡಬಲ್ಲವನಾದರೆ, ಪಾದ ನೋವಿಲ್ಲದೆ ಸಲೀಸಾಗಿ ಆಡಿದರೆ ಅಭ್ಯರ್ಥಿಯನ್ನು ಸ್ವೀಕರಿಸಬಹುದು ಎಂದಿದೆ. ಬಿರುಸಾದ ಚಪ್ಪಟೆ ಪಾದಕ್ಕೆ ಅವಕಾಶವಿಲ್ಲ. ಹ್ಯಾರಿಸ್ ಮತ್ತು ಬೀತ್ ಮಾಡಿದ್ದ ವಿಂಗಡಣೆಯನ್ನೇ ಇಲ್ಲಿಯೂ ಕಾಣಬಹುದು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಗ್ರಾಫ್ ಕಾಗದದ ಮೇಲೆ ವಿದ್ಯಾರ್ಥಿಗಳ ಒದ್ದೆ ಹೆಜ್ಜೆಯನ್ನು ಪಡೆದು ಅಂಚನ್ನು ಪೆನ್ಸಿಲಿನಿಂದ ಗುರುತಿಸಲಿ. ಬೆರಳುಗಳನ್ನು ಬಿಟ್ಟು ಉಳಿದ ಉದ್ದವನ್ನು ಮೂರು ಸಮಭಾಗ ಮಾಡಿ. ಚೌಕಗಳನ್ನು ಎಣಿಸಿ, ನಡುವಿನ ಭಾಗದ ವಿಸ್ತೀರ್ಣವನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿ. ಇದು ಕ್ಯಾವನಾ ಮತ್ತು ರಾಜರ್ಸ್ 1987ರಲ್ಲಿ ಸೂಚಿಸಿದ ಕಮಾನು ಸೂಚ್ಯಂಕ. ಉತ್ತರ 0.21ಕ್ಕಿಂತ ಕಡಿಮೆಯಾದರೆ ಎತ್ತರ ಕಮಾನು, 0.26ಕ್ಕಿಂತ ಹೆಚ್ಚಾದರೆ ತಗ್ಗು ಕಮಾನು, ನಡುವೆ ಇದ್ದರೆ ಸಾಮಾನ್ಯ.

ಆದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಡಿ. ಅದೇ ವಿದ್ಯಾರ್ಥಿಯನ್ನು ತುದಿಗಾಲಲ್ಲಿ ನಿಲ್ಲಿಸಿ ಕಮಾನು ಏಳುತ್ತದೆಯೇ ನೋಡಿ. ಸೂಚ್ಯಂಕದಲ್ಲಿ ಚಪ್ಪಟೆ ಎನಿಸಿದ ಅನೇಕ ಪಾದಗಳು ಇಲ್ಲಿ ಕಮಾನು ಕಟ್ಟುತ್ತವೆ. ಹಾಗೆ ಕಟ್ಟದೆ ಬಿರುಸಾಗಿದ್ದರೆ, ನೋವಿದ್ದರೆ, ಒಂದೇ ಕಾಲಿನಲ್ಲಿದ್ದರೆ ಅಥವಾ ದೊಡ್ಡವರಲ್ಲಿ ಇದ್ದ ಕಮಾನು ಹೊಸದಾಗಿ ಕುಸಿದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಉಳಿದ ಮಕ್ಕಳನ್ನು ಓಟದ ಸಾಲಿನಿಂದ ಹೊರಗಿಡಲು ಯಾವ ಕಾರಣವೂ ಇಲ್ಲ.

ಒದ್ದೆ ಹೆಜ್ಜೆ ತೋರಿಸುವುದು ಪಾದ ನಿಂತಾಗ ನೆಲವನ್ನು ಎಲ್ಲಿ ಮುಟ್ಟಿತು ಎಂಬುದನ್ನು ಮಾತ್ರ. ಪಾದ ಹೇಗಿದೆ ಎಂದು ತಿಳಿಯಬೇಕಾದರೆ ಮಗುವನ್ನು ನಡೆಸಿ, ಓಡಿಸಿ ನೋಡಿ.